ಪರಡಿ ಬದಲಿಸಿ ತೂಗು

ರುಕ್ಮೊದ್ದೀನನ ಅಂಗಡಿ ಕಲಬುರಗಿ ಗಂಜಿನ ಹಿಂದಿನ ಓಣ್ಯಾಗ.
ದಾಲ್ ಮಿಲ್ಲಿನ ಹೊಟ್ಟು ಹಾರಿ ಬಂದು
ಕೀಬೋರ್ಡಿನ ಸಂದ್ಯಾಗ ಕೂಡ್ತದ.
ರಿಪೇರಿಗಿ ಬಂದ ಮಾನಿಟರುಗಳ ನಡುವ
ಒಂದು ಕಂಪ್ಯೂಟರ್ ಮಾತ್ರ ಅವನ ಸ್ವಂತದ್ದು.
ಫ್ಯಾನು ಅದರ ಕಡಿ ತಿರಗ್ಯಾದ, ನಮ್ಮ ಕಡಿ ಅಲ್ಲ.
ಏಪ್ರಿಲ್. ಫರಸಿ ಮ್ಯಾಲ ಬೆರಳು ಅದ್ದಿ ಹೆಸರು ಬರದ್ರ
ಕೊನೀ ಅಕ್ಷರಕ್ಕ ಬರೋದ್ರಾಗ ಮೊದಲಿಂದು ಆರಿರ್ತದ.

ಆ ಡಬ್ಬಿ ಒಳಗ ಎರಡು ಚೆಸ್ ಆಡ್ಲಕತ್ತಾವ.
ಎರಡೂ ಅವನೇ ಬರದದ್ದು, ಹನ್ನೊಂದು ವರ್ಷದ ರಾತ್ರಿಗಳಾಗ.
ಒಂದು ಹಳೇದು, ಒಂದು ನಿನ್ನಿ ಸಂಜಿದು.
ನಡುವಿನ ಫರಕು ಒಂದೇ ಸಾಲು:
ರಾಜನ ಮುಂದಿನ ಪ್ಯಾದೆ ಸರದ್ರ
ಎಷ್ಟು ಅಂಜಬೇಕು ಅನ್ನೋ ಒಂದು ಅಂಕಿ.
ಹದಿನಾಲ್ಕು ಇತ್ತು. ಹದಿನೇಳು ಮಾಡ್ಯಾನ.

"ಅಂಬಾರಾಯ, ಹತ್ತರಾಗ ಏಳು ಹೊಸದು ಗೆದ್ದದ!"
ಸುಸಲಾದ ಪ್ಲೇಟು ಹಿಡಕೊಂಡೇ ಕುಣಿದ.
ನಾನು ಮೂವತ್ತು ವರ್ಷ ಅಡತ್ಯಾಗ ತೊಗರಿ ತೂಗಿದಾವ.
ಮೂಟಿಗಿ ಪರಖಿ ಚುಚ್ಚಿ, ಒಂದು ಹಿಡಿ ತಗದು,
ಅಂಗೈ ಮ್ಯಾಲ ಹರಡಿ
"ಮಾಲು ಛಲೋ ಅದ" ಅಂದವರು
ಗಾಡಿ ಖಾಲಿ ಆಗೋ ಹೊತ್ತಿಗಿ ಬಾಯಿ ಮುಚ್ಚಿದ್ದು ನೋಡೀನಿ.
"ಇನ್ನೊಂದೆರಡು ಕಡಿ ಚುಚ್ಚು," ಅಂದೆ.

ನೂರು ಆಡಿಸಿದ. ಐವತ್ತೆರಡು, ನಲವತ್ತೆಂಟು.
ಮಾರಿ ಸಣ್ಣದಾಯ್ತು.

ಒಂದೇ ಆರಂಭ, ಎರಡು ಆಟ ಅಂತ ತಿಳಿಸಿ ಹೇಳಿದ,
ಒಮ್ಮಿ ಬಿಳಿ ಇದಕ್ಕ, ಒಮ್ಮಿ ಅದಕ್ಕ.
ನನಗ ಸಾಬಮ್ಮ ನೆನಪಾದ್ಲು, ಸುಲೇಪೇಟದಾಕಿ.
ಎಲೆಕ್ಟ್ರಾನಿಕ್ ಕಾಂಟಾ ಬರೋಕಿಂತ ಮೊದಲಿನ ಮಾತು.
ತಕ್ಕಡಿ ಮುಂದ ಸೊಂಟಕ್ಕ ಕೈ ಇಟ್ಟು ನಿಂತು
"ಪರಡಿ ಬದಲಿಸಿ ತೂಗೋ ತಮ್ಮಾ,
ಕಲ್ಲು ಈ ಕಡಿ, ಕಾಳು ಆ ಕಡಿ" ಅಂದಾಕಿ.
ಬದಲಿಸಿದೆ. ಮುಕ್ಕಾಲು ಕಿಲೋ ಫರಕು ಬಂತು.
ಸಾವುಕಾರ ನನ್ನ ಮಾರಿ ನೋಡಿದ,
ನಾನು ಕಲ್ಲಿನ ಮಾರಿ ನೋಡಿದೆ.

ಎರಡನೇ ರಾತ್ರಿ ಬಾನೂಬಿ ಫೋನ್ ಮಾಡಿ ಬೈದ್ಲು:
"ರೊಟ್ಟಿ ಆರಿ ಹಪ್ಪಳ ಆಗ್ಯಾವ,
ಬರ್ತೀರೋ, ಅವೆರಡಕ್ಕೂ ಬುತ್ತಿ ಕಳಸ್ಲೋ?"

ಆರುನೂರ ಹದಿಮೂರನೇ ಆಟದಾಗ ಕರೆಂಟ್ ಹೋಯ್ತು.
ಯುಪಿಎಸ್ ಕುಂಯ್ ಕುಂಯ್ ಅಂತು.
ಯಂತ್ರ ಉಸಿರು ಹಿಡಿದು ಮೆಲ್ಲಕ ಯೋಚಿಸ್ಲಕತ್ತು,
ಹೊಸದರ ಟೈಮು ತೀರಿ ಸೋತು ಹೋಯ್ತು.
ರುಕ್ಮೊದ್ದೀನ ಆ ಆಟ ಅಳಿಸಿ ಹಾಕಿದ.
"ಕರೆಂಟ್ ಹೋದದ್ದಕ್ಕ ಅಳಿಸಿದ್ಯೋ, ಹೊಸದು ಸೋತದ್ದಕ್ಕೋ?"
ಸುಮ್ಮನಿದ್ದ. ಚಹಾ ತರಿಸಿದ.
ಅರ್ಧ ಕುಡಿದು ಎದ್ದು ಹೋಗಿ
ಹಿಂದ ಹಿಂಗೇ ಕತ್ತಲಾದಾಗ ಹೊಸದು ಗೆದ್ದಿದ್ದ
ಎರಡು ಆಟ ಹುಡುಕಿ, ಅವನ್ನೂ ಅಳಿಸಿದ.

ನಾಲ್ಕನೇ ದಿನ ಮುಂಜಾನಿ ಸಾವಿರ ತುಂಬಿತ್ತು.
ಹೊಸದು ಐದೂವರಿ ಪಾಯಿಂಟ್ ಹೆಚ್ಚು.
ಲೆಕ್ಕ ತಪ್ಪಿರಬಹುದು, ಆ ಕಡಿ ಹದಿನೈದು, ಈ ಕಡಿ ಹದಿನೈದು.
"ಅಂದ್ರ?"
"ಅಂದ್ರ ಗೊತ್ತಿಲ್ಲ."
ಸಾವಿರ ಆಟ ಆಡಿಸಿ ಗೊತ್ತಿಲ್ಲ ಅನ್ಲಿಕ್ಕ ಎಂಥ ಎದಿ ಬೇಕು!
ಗಂಜಿನಾಗ ಒಂದು ಕಾಳು ಕಚ್ಚಿ ದರ ಕೂಗ್ತಾರ.

ಆ ಎರಡರಾಗ ಯಾವುದೂ ನಮಗ ಸೋಲಂಗಿಲ್ಲ.
ನಮ್ಮಿಬ್ಬರನ್ನೂ ಒಂದು ಪರಡ್ಯಾಗ ಕುಂದರಿಸಿ
ಇನ್ನೊಂದ್ರಾಗ ಹಳೇದನ್ನ ಇಟ್ರ
ಅದು ನೆಲ ಬಿಟ್ಟು ಏಳಂಗಿಲ್ಲ.
ಆದ್ರೂ ತೂಗೋರು ನಾವು.

ಸಂಜಿಕ ಬಿಸಿಲು ಇಳಿದ ಮ್ಯಾಲ
ಕಪಾಟಿನಿಂದ ಪ್ಲಾಸ್ಟಿಕ್ ಹಾಸು ತಗದ.
ಒಂದು ಉಂಟ ಕಳದು ಏಸೋ ವರ್ಷ, ಅದರ ಜಾಗಕ್ಕ ಪೆನ್ನಿನ ಟೋಪಿ.
ವಜೀರನ್ನ ಹೊಡಿಸಿಕೊಂಡು ನಾನು ಸೋತೆ.
"ಇಷ್ಟು ವರ್ಷದಾಗ ಯಾರದು ಮುಂದದ?" ಅಂದ.
ಕ್ವಿಂಟಲ್ ಕ್ವಿಂಟಲ್ ಬರದಿಟ್ಟ ಈ ಕೈ
ಅದೊಂದು ಬರದಿಲ್ಲ.

"ಒಂದು ಆಟದ ಮ್ಯಾಲ ಏನೂ ಹೇಳ್ಲಿಕ್ಕಾಗಲ್ಲ," ಅಂದೆ.
ಹಾಸು ತಿರಗಿಸಿದೆ. ಬಿಳಿ ನನಗ.

ಮೂಲ್ಯಾಗ ಯಂತ್ರ ಒಂದು ಕುದರಿ ಸರಿಸ್ತು.
ನಾವು ನೋಡ್ಲಿಲ್ಲ.